ಹೂಂ

ಸೊಲ್ಲಾಪುರದ ಕೋರ್ಟಿನಲ್ಲಿ ನನ್ನ ಕೆಲಸ ಸಣ್ಣದು:
ಅವನ ಕನ್ನಡವನ್ನು ಇವರ ಮರಾಠಿಗೆ ದಾಟಿಸುವುದು.
ದಿನಕ್ಕೆ ಇಷ್ಟೆಂದು ಭತ್ಯೆ, ಬಸ್ಸಿನ ಖರ್ಚು ಬೇರೆ.
ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ
ಒತ್ತಕ್ಷರ ತಿದ್ದಿದವಳು, ತಪ್ಪು ಮಾಡಲಾರಳು ಎಂದು
ಯಾರೋ ನನ್ನ ಹೆಸರು ಬರೆದುಕೊಟ್ಟಿದ್ದರು.
'ಬಿರಾಜದಾರ ಬಾಯಿ, ಶಪಥ ಘ್ಯಾ' ಎಂದ ಶಿರಸ್ತೇದಾರ.
ತೆಗೆದುಕೊಂಡೆ.

ಕಟಕಟೆಯಲ್ಲಿ ಮೌಲಾಲಿ ನದಾಫ,
ಪವರ್‌ಲೂಮಿನಲ್ಲಿ ಚಾದರ ನೇಯುತ್ತಿದ್ದವ.
ಸಂತೆಯಲ್ಲಿ ಡಬ್ಬಿ ಸಿಡಿದು ಏಳು ಜನ ಸತ್ತರು.
ಇಟ್ಟವ ಇವನೇ ಎಂದು ಒಂದು ಹಾಳೆ ಹೇಳುತ್ತದೆ.
ಹಾಳೆಯ ಕೆಳಗೆ ಇವನ ಹೆಬ್ಬೆಟ್ಟು.

'ಹೊಡದ್ರೀ ಸಾಹೇಬ್ರ.'
ದಾಟಿಸಿದೆ.
ಯಾತರಿಂದ?
'ಗಿರಣಿ ಪಟ್ಟಾ.'
ಆ ಶಬ್ದಕ್ಕೆ ನಾನು ಬೇಕಿರಲಿಲ್ಲ,
ಎರಡೂ ಭಾಷೆಯಲ್ಲಿ ಅದು ಪಟ್ಟಾನೇ.
'ಅಂಗಾಲಿಗೆ. ಆಮ್ಯಾಲೆ ಜಿಗಿ ಅಂದ್ರು, ಬಾವು ಇಳೀಲಿ ಅಂತ.'

ಸರಕಾರಿ ವಕೀಲರು ಎದ್ದರು.
ಮಗ್ಗಕ್ಕೂ ಪಟ್ಟಾ ಇರುತ್ತದಲ್ಲ? ಇರುತ್ತದೆ.
ಲಾಳಿ ಹಾರಿ ಉಗುರು ಕಳೆದುಕೊಂಡವರಿದ್ದಾರಲ್ಲ? ಇದ್ದಾರೆ.
ದವಾಖಾನೆಯ ಚೀಟಿಯಲ್ಲಿ 'ತಕರಾರು ಇಲ್ಲ' ಎಂದಿದೆಯಲ್ಲ?
'ಬರೀವಾಗ ಅವರು ಬಾಜೂಕ ನಿಂತಿದ್ರು.'
ಮೊದಲ ಮ್ಯಾಜಿಸ್ಟ್ರೇಟರಿಗೆ ಯಾಕೆ ಹೇಳಲಿಲ್ಲ?
'ಹೊಳ್ಳಿ ಅಲ್ಲಿಗೇ ಹೋಗೂದಿತ್ತಲ್ರೀ.'
ವಿಚಾರ ಮಾಡಲು ಇಪ್ಪತ್ತನಾಲ್ಕು ತಾಸು ಕೊಟ್ಟಿದ್ದರಲ್ಲ?
'ಕೊಟ್ಟಿದ್ರು.'
ಆ ತಾಸುಗಳನ್ನು ಎಲ್ಲಿ ಕಳೆದನೆಂದು ಯಾರೂ ಕೇಳಲಿಲ್ಲ.
ಕೇಳದ್ದನ್ನು ದಾಟಿಸುವ ಅಧಿಕಾರ ನನಗಿಲ್ಲ.

ಹನ್ನೊಂದು ತಿಂಗಳು ತಡ ಎಂದು
ನ್ಯಾಯಾಧೀಶರು ಬರೆದುಕೊಂಡು ಕೆಳಗೆ ಗೆರೆ ಎಳೆದರು.
ಪೆಟ್ಟಿಗೆ ಬಣ್ಣವಿದೆ: ಕೆಂಪು, ನೀಲಿ, ಹಸಿರು, ಕೊನೆಗೆ ಅರಿಸಿನ.
ಹನ್ನೊಂದು ತಿಂಗಳಿಗೆ ಅದು ಬರೀ ಚರ್ಮ.
ಗೆರೆ ಮಾತ್ರ ಕಾಗದದ ಮೇಲೆ ಹಾಗೇ ಇರುತ್ತದೆ.

ಹಿಂದಿನ ಬೆಂಚಿನಲ್ಲಿ ಸೋನಾಬಾಯಿ ವ್ಹನಮಾನೆ.
ಬಳೆ ತರಲು ಹೋದ ಮಗಳನ್ನು
ಕಾಲುಂಗುರ ನೋಡಿ ಗುರುತು ಹಿಡಿದವಳು.
ಪ್ರತಿ ತಾರೀಖಿಗೂ ಬರುತ್ತಾಳೆ. ಊಟದ ಹೊತ್ತಿಗೆ
ನನಗೊಂದು ರೊಟ್ಟಿ ಕೊಟ್ಟು ಕೇಳಿದಳು:
'ಅಂವ ಖರೇ ಹೇಳ್ತಾನೇನ್ರೀ ಬಾಯಿ?'
ಶೇಂಗಾ ಹಿಂಡಿ ಖಾರವಿತ್ತು. ನೀರು ಕುಡಿದೆ.
ಡಬ್ಬಿಯದು ನನಗೆ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ.
ಪಟ್ಟಾದ್ದು ಕೇಳಿದರೆ,
ಅಂಗಾಲು ಎನ್ನುವಾಗ ಅವನ ಬೆರಳುಗಳು
ಚಪ್ಪಲಿಯಲ್ಲೇ ಮಡಚಿಕೊಂಡವು. ಕಂಡಿದ್ದೆ.
ಅದು ಯಾವ ಭಾಷೆಯಲ್ಲೂ ದಾಖಲಾಗಲಿಲ್ಲ.

ಮಧ್ಯಾಹ್ನ ನ್ಯಾಯಾಧೀಶರೇ ಕೇಳಿದರು:
ಹಾಳೆಯಲ್ಲಿದ್ದದ್ದನ್ನು ನೀನೇ ಹೇಳಿದ್ದಾ?
'ಅವರು ಹೇಳ್ತಿದ್ರು, ನಾ ಹೂಂ ಅಂತಿದ್ದೆ.'
ನಾನು ಬಾಯಿ ತೆರೆದೆ, ಮುಚ್ಚಿದೆ.
ಸಾಹೇಬರೇ, ಈ ಒಂದು ಮಾತಿಗೆ ತಡೆಯಿರಿ.
ನಮ್ಮಲ್ಲಿ ಹೂಂ ಎಂದರೆ ಹೌದು.
ಕತೆ ಹೇಳುವ ಅಜ್ಜಿಗೆ, ನಿದ್ದೆ ಬಂದಿಲ್ಲ, ಮುಂದೆ ಹೇಳು,
ಎನ್ನುವುದೂ ಹೂಂ.
ಏಳು ಸಮುದ್ರ ದಾಟಿದ. ಹೂಂ.
ಗಿಳಿಯ ಕುತ್ತಿಗೆ ಮುರಿದ. ಹೂಂ.
ಹೂಂಗುಟ್ಟಿದ ಕೂಸು ಗಿಳಿ ಕೊಂದಂತಲ್ಲ.
ಮೂಟೆ ಎತ್ತುವಾಗ, ಹೆರುವಾಗ, ಬಾಯಿಗೆ ಬಟ್ಟೆ ತುರುಕಿದಾಗ
ಹೊರಡುವುದೂ ಅದೇ.
ಯಾವ ಹೂಂ ಎಂಬುದು ಕೇಳಿದವರಿಗೆ ಗೊತ್ತು.
ಕೇಳಿದವರು ಅವರು.

ಅವರು ಪೆನ್ನಿಗೆ ಟೋಪಿ ಹಾಕಿದರು.
ಕೆಟ್ಟ ಮನುಷ್ಯರಲ್ಲ. ತುಸು ಹೊತ್ತು ಪಂಖಾ ನೋಡಿದರು.
'ಬಾಯಿ, ಒಂದು ಅರ್ಥ ಆರಿಸಿ.
ದಾಖಲೆಗೆ ಒಂದೇ ಬೇಕು.'

ನಾಲ್ಕು ತಿಂಗಳಿಗೆ ತೀರ್ಪು.
ಹಾಳೆಯನ್ನು ಬದಿಗಿಟ್ಟರು,
ಎರಡನೆಯ ಪುಟಕ್ಕೆ ಅಧಿಕಾರಿಯ ಸಹಿ ಇರಲಿಲ್ಲವೆಂದು.
ಹಿಂಸೆಯ ದೂರು: ಆಮೇಲೆ ಹೊಳೆದದ್ದು, ಸಾಬೀತಾಗಿಲ್ಲ.
ಬೇರೆ ಸಾಕ್ಷಿಗಳಿದ್ದವು. ಮೌಲಾಲಿ ಒಳಗೇ ಉಳಿದ.
ನಲವತ್ತೆರಡನೆಯ ಪುಟದಲ್ಲಿ ಅವನ ಹೂಂ
ಮರಾಠಿಯ 'ಹೋ' ಆಗಿ ಕೂತಿದೆ.
ಕೆಳಗೆ ದುಭಾಷಿಯ ಸಹಿ, ಒತ್ತಕ್ಷರ ಸಹಿತ ಸ್ವಚ್ಛ.

ಆ ಸಹಿ ಹಾಕಿದ ಸಂಜೆ ಎಸ್‌ಟಿಯಲ್ಲಿ
ಕಿಟಕಿಯ ಸೀಟು ಸಿಕ್ಕಿತ್ತು.
ಬಾಯಲ್ಲಿ ಎಲೆ ಅಡಿಕೆ.
'ಅಕ್ಕಲಕೋಟ?' ಎಂದ ಕಂಡಕ್ಟರ್.
ಹೂಂ ಎಂದೆ.
ಟಿಕೀಟು ಹರಿದು ಕೈಗಿಟ್ಟ.